ಪ್ರತಿಕ್ರಿಯೆ: ಇಂಟಿಗ್ರೇಟಿಂಗ್ ಫ್ಯಾಕ್ಟರ್ ಹಾಕಿದರೂ ಉತ್ತರ ಬರುತ್ತಿಲ್ಲ
'ಎಕ್ಸ್ ಇಂಟು ಡಿವೈ ಬೈ ಡಿಎಕ್ಸ್ ಪ್ಲಸ್ 2ವೈ = ಎಕ್ಸ್ ಸ್ಕ್ವೇರ್' ಲೆಕ್ಕಕ್ಕೆ ನಿಮಗೆ ಇಂಟಿಗ್ರೇಟಿಂಗ್ ಫ್ಯಾಕ್ಟರ್ (ಎಡಗಡೆ ಒಂದೇ ಡೆರಿವೇಟಿವ್ ಆಗುವಂತೆ ಸಮೀಕರಣವನ್ನು ಗುಣಿಸುವ ಪದ) 'ಇ ಪವರ್ 2ಎಕ್ಸ್' ಬಂದಿದೆ ಅಂದರೆ, ಪಿ ಅನ್ನು, ಅಂದರೆ ವೈ ಜೊತೆಗಿರುವ ಗುಣಕವನ್ನು, ಸುಮ್ನೆ 2 ಅಂತ ಹಿಡಿದಿದ್ದೀರಿ. ತಪ್ಪು ಅಲ್ಲೇ ಇದೆ. ಪಿ ಆರಿಸುವ ಮೊದಲು ಡಿವೈ ಬೈ ಡಿಎಕ್ಸ್‌ಗೆ ಏನೂ ಅಂಟಿಕೊಂಡಿರಬಾರದು. ಬಳ್ಳಾರಿಯಲ್ಲಿ ಬಿಎಸ್ಸಿ ಹುಡುಗರ ನೋಟ್‌ಬುಕ್ ನೋಡುವಾಗ ನನಗೆ ಜಾಸ್ತಿ ಸಿಗುವುದು ಇದೇ.

ಮೊದಲು ಇಡೀ ಸಮೀಕರಣವನ್ನು ಎಕ್ಸ್‌ನಿಂದ ಭಾಗಿಸಿ, ಬಲಗಡೆಯನ್ನೂ ಬಿಡಬೇಡಿ. ಈಗ ಪಿ ಅಂದರೆ 2 ಬೈ ಎಕ್ಸ್. ಇಂಟಿಗ್ರೇಟ್ ಮಾಡಿದರೆ 2 ಲಾಗ್ ಎಕ್ಸ್. ಅದನ್ನು ಇ ಮೇಲೆ ಪವರ್ ಆಗಿ ಕೂರಿಸಿದರೆ ಎಕ್ಸ್ ಸ್ಕ್ವೇರ್. 2ಎಕ್ಸ್ ಅಲ್ಲ, ಹುಷಾರು. ಇದರಿಂದ ಗುಣಿಸಿದಾಗ ಎಡಗಡೆ 'ಎಕ್ಸ್ ಸ್ಕ್ವೇರ್ ಇಂಟು ವೈ'ನ ಡೆರಿವೇಟಿವ್, ಬಲಗಡೆ ಎಕ್ಸ್ ಕ್ಯೂಬ್. ಇಂಟಿಗ್ರೇಟ್ ಮಾಡಿದ ಸಾಲಿನಲ್ಲೇ ಸಿ (ಇಂಟಿಗ್ರೇಶನ್‌ನ ಸ್ಥಿರಾಂಕ) ಸೇರಿಸಿ, ಆಮೇಲೆ ಎಕ್ಸ್ ಸ್ಕ್ವೇರ್‌ನಿಂದ ಭಾಗಿಸಿ:

ವೈ = ಎಕ್ಸ್ ಸ್ಕ್ವೇರ್ ಬೈ 4 ಪ್ಲಸ್ ಸಿ ಬೈ ಎಕ್ಸ್ ಸ್ಕ್ವೇರ್.

ನೀವು ಹಾಕಿರುವ ಎರಡನೇ ಲೆಕ್ಕದ ಉತ್ತರದಲ್ಲಿ ಸಿ ಯಾವುದರಿಂದಲೂ ಭಾಗವಾಗದೆ ಒಂಟಿಯಾಗಿ ನಿಂತಿದೆ. ಭಾಗಿಸಿದ ಮೇಲೆ ಕೊನೆಗೆ ಸೇರಿಸಿರಬಹುದು, ಹಂತಗಳನ್ನು ಹಾಕಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ವೈ ಬೆಲೆಯನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡಿ. ಸಿ ಪೂರ್ತಿ ಹೊಡೆದುಹೋಗದಿದ್ದರೆ, ಸಿ ಸೇರಿಸಿದ ಸಾಲಿನಿಂದಲೇ ಮತ್ತೆ ಮಾಡಿ.