ವಾರಂಟಿ ಇರುವ ಲ್ಯಾಪ್‌ಟಾಪನ್ನು ‘ಫಿಸಿಕಲ್ ಡ್ಯಾಮೇಜ್’ ಅಂತ ವಾಪಸ್ ಕಳಿಸಿದರೆ ಏನು ಮಾಡಬೇಕು?

ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಇಷ್ಟು. ಆನ್‌ಲೈನ್‌ನಲ್ಲಿ ತಗೊಂಡ ಲ್ಯಾಪ್‌ಟಾಪ್‌ಗೆ ಇನ್ನೂ ವರ್ಷ ತುಂಬಿಲ್ಲ. ಸ್ಕ್ರೀನ್ ಮಿಣುಕುತ್ತಿದೆ, ಹಿಂಜ್ (ಮುಚ್ಚಳ ತಿರುಗುವ ಕೀಲು) ಹತ್ತಿರ ಬಾಡಿ ಬಾಯಿ ಬಿಟ್ಟಿದೆ. ಸರ್ವಿಸ್ ಸೆಂಟರ್‌ನವರು ‘ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ’ ಅಂದು ದೊಡ್ಡ ಎಸ್ಟಿಮೇಟ್ ಕೈಗಿಟ್ಟಿದ್ದಾರೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ಎಸ್ಕಲೇಟ್ ಮಾಡಿದ್ದೇವೆ ಸರ್’ ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ.

ನನ್ನ ಮಗಳ ಲ್ಯಾಪ್‌ಟಾಪ್‌ಗೂ ಹೆಚ್ಚುಕಮ್ಮಿ ಇದೇ ಆಗಿತ್ತು. ಕಂಪನಿ ಯಾವುದು ಅಂತ ಕೇಳಬೇಡಿ. ಹೆಸರು ತಿಳಿದರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಮೊದಲು ಫೋನ್ ಮಾಡುವುದನ್ನು ನಿಲ್ಲಿಸಿ. ಎಷ್ಟು ಕೂಗಾಡಿದರೂ ಆ ಕಡೆ ಇರುವ ಹುಡುಗನ ಕೈಯಲ್ಲಿ ಏನೂ ಇರುವುದಿಲ್ಲ. ನಾಳೆ ಯಾರ ಮುಂದೆ ಹೋದರೂ ಅವರು ಕೇಳುವುದು ಜಾಬ್ ಶೀಟ್, ಅಂದರೆ ಏನು ತೊಂದರೆ, ಏನು ಕಂಡಿತು ಅಂತ ಸರ್ವಿಸ್ ಸೆಂಟರ್‌ನವರು ಬರೆದುಕೊಡುವ ಚೀಟಿ. ಅದರಲ್ಲಿ ಏನು ಬರೆದಿದೆಯೋ ಅದೇ ನಿಮ್ಮ ಕೇಸು. ಹಾಗಾಗಿ ಸೆಂಟರ್‌ಗೆ ಹೋದಾಗಲೆಲ್ಲ ಜಾಬ್ ಶೀಟ್ ಇಸ್ಕೊಳ್ಳಿ, ‘ಏನೂ ತೊಂದರೆ ಕಾಣಲಿಲ್ಲ’ ಅಂತ ವಾಪಸ್ ಕಳಿಸಿದಾಗಲೂ. ‘ಫಿಸಿಕಲ್ ಡ್ಯಾಮೇಜ್’ ಅಂತ ಬರೆದಿದ್ದರೆ ಸುಮ್ನೆ ಸಹಿ ಹಾಕಬೇಡಿ. ‘ಬಿದ್ದಿಲ್ಲ, ಪೆಟ್ಟಾಗಿಲ್ಲ, ಈ ಅಭಿಪ್ರಾಯಕ್ಕೆ ನನ್ನ ಒಪ್ಪಿಗೆ ಇಲ್ಲ’ ಅಂತ ಬರೆದು, ಅದರ ಕೆಳಗೆ ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಕೌಂಟರ್‌ನಲ್ಲಿ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಹಿಂಜ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ವಾದ ನಿಲ್ಲುವುದು ಇಲ್ಲೇ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ ಹಿಂಜ್‌ನ ಸ್ಕ್ರೂಗಳು ಪ್ಲಾಸ್ಟಿಕ್ ಬಾಡಿಯೊಳಗೆ ಕೂರಿಸಿದ ಸಣ್ಣ ಹಿತ್ತಾಳೆ ಬುಶ್‌ಗಳಿಗೆ ಕಚ್ಚಿಕೊಂಡಿರುತ್ತವೆ. ಹಿಂಜ್ ಜಾಸ್ತಿ ಬಿಗಿಯಾಗಿದ್ದರೆ, ಮುಚ್ಚಳ ತೆಗೆದು ಹಾಕುವಾಗಿನ ಬಲವೆಲ್ಲ ಆ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಕೊನೆಗೆ ಬುಶ್ ಕಿತ್ತು ಬರುತ್ತದೆ. ಸ್ಕ್ರೀನ್‌ಗೆ ಹೋಗುವ ಕೇಬಲ್ ಸಾಮಾನ್ಯವಾಗಿ ಹಿಂಜ್ ಪಕ್ಕದಲ್ಲೇ ಹಾದು ಹೋಗುತ್ತದೆ. ಅದು ಎಳೆದಾಡಿಕೊಂಡರೆ ಮಿಣುಕು ಶುರು. ಕೆಳಗೆ ಬಿದ್ದ ಲ್ಯಾಪ್‌ಟಾಪ್ ಆದರೆ ಸಾಮಾನ್ಯವಾಗಿ ಎಲ್ಲೋ ಒಂದು ಮೂಲೆ ಜಜ್ಜಿರುತ್ತದೆ, ಇಲ್ಲವೇ ಗೀರು ಬಿದ್ದಿರುತ್ತದೆ. ನಿಮ್ಮದರಲ್ಲಿ ಆ ಗುರುತು ಇಲ್ಲ ಅಂದರೆ ನಾಲ್ಕೂ ಮೂಲೆಯ ಫೋಟೊ ಹತ್ತಿರದಿಂದ ತೆಗೆಯಿರಿ. ‘ಪೆಟ್ಟು ಎಲ್ಲಿ ಬಿದ್ದಿದೆ, ತೋರಿಸಿ’ ಅಂತ ಲಿಖಿತವಾಗಿ ಕೇಳಿ. ನಮ್ಮ ವಿಷಯದಲ್ಲಿ ಈ ಪ್ರಶ್ನೆಗೆ ಅವರಿಂದ ಕೊನೆವರೆಗೂ ಉತ್ತರ ಬರಲಿಲ್ಲ.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಇವೆ. ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಸರಿಯಾಗಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಮಿಣುಕಿದರೆ ತೊಂದರೆ ಬಹುತೇಕ ಪ್ಯಾನೆಲ್ ಅಥವಾ ಕೇಬಲ್‌ನದು. ಎರಡರಲ್ಲೂ ಮಿಣುಕಿದರೆ ಗ್ರಾಫಿಕ್ಸ್, ಮದರ್‌ಬೋರ್ಡ್ ಅಥವಾ ಡ್ರೈವರ್ ಕಡೆ ನೋಡಬೇಕು. ಎರಡನೆಯದು, ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬಯಾಸ್ (ಸೆಟ್ಟಿಂಗ್) ಸ್ಕ್ರೀನ್‌ಗೆ ಹೋಗಿ ನೋಡಿ. ಅಲ್ಲೂ ಮಿಣುಕಿದರೆ ವಿಂಡೋಸ್‌ಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ವಿಡಿಯೊ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ‘ವಿಂಡೋಸ್ ರಿಇನ್‌ಸ್ಟಾಲ್ ಮಾಡಿ ನೋಡೋಣ’ ಅಂತ ಒಂದಿಷ್ಟು ದಿನ ತಳ್ಳುತ್ತಾರೆ.

ಅಕ್ಕಪಕ್ಕದ ರಿಪೇರಿ ಅಂಗಡಿಯಲ್ಲಿ ಮಾತ್ರ ಈಗಲೇ ಬಿಚ್ಚಿಸಬೇಡಿ. ಬಿಚ್ಚಿದ ಗುರುತು ಕಂಡರೆ ಅವರಿಗೆ ಇನ್ನೊಂದು ನೆಪ ಸಿಕ್ಕಿದ ಹಾಗೆ.

ಹಾಂ, ಸರ್ವಿಸ್‌ಗೆ ಕೊಡುವ ಮೊದಲು ಬ್ಯಾಕಪ್ ತಗೊಳ್ಳಿ. ಬಿಟ್‌ಲಾಕರ್ ರಿಕವರಿ ಕೀ, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ (ಎನ್‌ಕ್ರಿಪ್ಷನ್) ತೆಗೆಯುವ ಸಂಖ್ಯೆ, ಅದನ್ನೂ ಬರೆದಿಟ್ಟುಕೊಳ್ಳಿ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುತ್ತದೆ. ಮದರ್‌ಬೋರ್ಡ್ ಬದಲಿಸಿದ ಮೇಲೆ ಅದು ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಹೋಯ್ತು ಅಂತಲೇ ಲೆಕ್ಕ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಅದು ಸಿಗುತ್ತದೆ.

ಇಷ್ಟಾದ ಮೇಲೆ ಒಂದು ಇಮೇಲ್. ಕಂಪನಿಗೆ, ಮಾರಿದವರಿಗೆ, ಆನ್‌ಲೈನ್ ಸೈಟ್‌ನ ಗ್ರೀವೆನ್ಸ್ ಆಫೀಸರ್‌ಗೆ (ದೂರು ನೋಡಿಕೊಳ್ಳುವ ಅಧಿಕಾರಿ), ಮೂವರಿಗೂ ಒಟ್ಟಿಗೆ ಹೋಗಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಪತ್ರದಲ್ಲಿ ಸಿಟ್ಟು ಬೇಡ. ಬಿಲ್ ದಿನಾಂಕ, ಸೀರಿಯಲ್ ನಂಬರ್, ಜಾಬ್ ಶೀಟ್ ನಂಬರ್, ನಿಮಗೆ ಬೇಕಾದ್ದೇನು, ಎಂದಿನೊಳಗೆ, ಅಷ್ಟೇ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಕಂಪನಿಯನ್ನು ಟ್ಯಾಗ್ ಮಾಡಿ ಅಂತ ಬಹಳ ಜನ ಹೇಳುತ್ತಾರೆ. ಮಾಡಿ, ತಪ್ಪಿಲ್ಲ. ಆದರೆ ‘ಡಿಎಂನಲ್ಲಿ ವಿವರ ಕಳಿಸಿ’ ಅಂತ ಹೇಳಿ, ಅಲ್ಲಿಂದ ಮತ್ತೆ ಅದೇ ಕಸ್ಟಮರ್ ಕೇರ್‌ಗೆ ತಂದು ಬಿಡುತ್ತಾರೆ.

ಉತ್ತರ ಬರದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರ ವೆಬ್‌ಸೈಟ್‌ನಲ್ಲಿ ದೂರು ಹಾಕಿದರೆ ದಾಖಲೆಗಳನ್ನೂ ಸೇರಿಸಬಹುದು, ಅದೇ ವಾಸಿ. ಇದು ಕೋರ್ಟ್ ಅಲ್ಲ, ಕಂಪನಿಗೆ ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದರೆ ದೂರು ಕಾಲ್ ಸೆಂಟರ್ ದಾಟಿ ಕಂಪನಿಯೊಳಗೆ ಬೇರೆ ಮೇಜಿಗೆ ಹೋಗುತ್ತದೆ. ನಮ್ಮ ಕಡತ ಮೊದಲ ಸಲ ಅಲುಗಾಡಿದ್ದು ಇಲ್ಲೇ. ‘ಅರ್ಧ ಖರ್ಚು ನಾವು ಹಾಕುತ್ತೇವೆ’ ಅಂತ ಒಬ್ಬರು ಫೋನ್ ಮಾಡಿದರು. ನಾವು ಒಪ್ಪಲಿಲ್ಲ. ತಪ್ಪು ನಮ್ಮದಲ್ಲ ಅಂದ ಮೇಲೆ ಅರ್ಧ ಯಾಕೆ ಕೊಡಬೇಕು ಅಲ್ವಾ?

ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. ಜನ ಸುಮ್ನೆ ಹೆದರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಆಫೀಸ್ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ದಾವಣಗೆರೆಯವರು ದಾವಣಗೆರೆಯಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ತಕರಾರಿಗೆ ಕಾರಣ ಹುಟ್ಟಿದಾಗಿನಿಂದ 2 ವರ್ಷದೊಳಗೆ ಹಾಕಬೇಕು. ತಯಾರಕರು, ಮಾರಿದವರು, ಸರ್ವಿಸ್ ಸೆಂಟರ್, ಮೂವರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ರಿಪೇರಿ, ಬದಲಿ, ಹಣ ವಾಪಸ್, ಪರಿಹಾರ, ಯಾವುದನ್ನಾದರೂ ಕೇಳಬಹುದು.

ಬೇಗ ಮುಗಿಯುತ್ತದೆ ಅಂತ ಮಾತ್ರ ನಂಬಬೇಡಿ. ಕಾಯ್ದೆಯಲ್ಲಿ 3 ತಿಂಗಳು, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ 5 ತಿಂಗಳು ಅಂತಿದೆ. ನಿಜದಲ್ಲಿ ಜಾಸ್ತಿಯೇ ಹಿಡಿಯುತ್ತದೆ. ಇನ್ನೊಂದು, ತಯಾರಿಕೆಯ ದೋಷ ಅಂತ ತೋರಿಸುವ ಹೊಣೆ ನಿಮ್ಮದೇ. ಮೇಲೆ ಹೇಳಿದ ಫೋಟೊ, ವಿಡಿಯೊ, ಜಾಬ್ ಶೀಟ್ ಎಲ್ಲ ಆಗ ಬೇಕಾಗುತ್ತವೆ.

ನಾವು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ದೂರಿನ ಕರಡನ್ನು ನೋಟಿಸ್ ಜೊತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆವು. ನೋಟಿಸ್ ಕಡ್ಡಾಯವೇನಲ್ಲ, ಆದರೆ ಅದು ಕಂಪನಿಯ ಲೀಗಲ್ ವಿಭಾಗಕ್ಕೆ ಹೋಗುತ್ತದೆ. ಹಿಂಜ್, ಪ್ಯಾನೆಲ್, ಮೇಲಿನ ಕವರ್ ಎಲ್ಲ ಪುಕ್ಕಟೆ ಬದಲಿಸಿಕೊಟ್ಟರು, ವಾರಂಟಿಯನ್ನೂ ಸ್ವಲ್ಪ ಮುಂದಕ್ಕೆ ಹಾಕಿದರು. ಹೊಸ ಲ್ಯಾಪ್‌ಟಾಪ್ ಕೊಡಿ ಅಂತ ಹಟ ಹಿಡಿಯಬಹುದಿತ್ತು. ಮಗಳಿಗೆ ಪರೀಕ್ಷೆ ಹತ್ತಿರವಿತ್ತು, ಸಾಕು ಅಂತ ಬಿಟ್ಟೆವು.

ನಿಮ್ಮ ಬಿಲ್ ಯಾರ ಹೆಸರಿನಲ್ಲಿದೆ ಅಂತ ತಿಳಿಸಿ. ವ್ಯಾಪಾರದ ಹೆಸರಿನಲ್ಲಿ ಜಿಎಸ್‌ಟಿ ನಂಬರ್ ಹಾಕಿಸಿ ತಗೊಂಡಿದ್ದರೆ, ‘ಇದು ವಾಣಿಜ್ಯ ಬಳಕೆ, ಇವರು ಗ್ರಾಹಕರೇ ಅಲ್ಲ’ ಅಂತ ಅವರು ಎತ್ತಬಹುದು. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದನ್ನು ದೂರಿನಲ್ಲೇ ಬರೆದಿರಬೇಕು.