ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಆಗಸ್ಟ್‌ಗೆ ಬಿಡಿಸಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ಟ್ರಾಲ್ ಬೋಟಿನಲ್ಲಿ ಕೆಲಸ. ಗೋವಾ ಕಡೆ ಹೋಗಿಬರುವಾಗ ಬ್ರೌನ್ ಶುಗರ್ ಚಟ ಅಂಟಿತು. ಎರಡು ಸಲ ಕೇಂದ್ರಕ್ಕೆ ಸೇರಿಸಿ ಬಿಡಿಸಿದೆವು. ಎರಡೂ ಸಲ ಮನೆಗೆ ಬಂದ ಸ್ವಲ್ಪ ದಿನಕ್ಕೇ ಮತ್ತೆ ಶುರು. ಈಗ ಮೂರು ತಿಂಗಳಿಂದ ಮನೋವೈದ್ಯರು ಬುಪ್ರೆನಾರ್ಫಿನ್ ಮಾತ್ರೆ ಕೊಡುತ್ತಿದ್ದಾರೆ, ದಿನಕ್ಕೆ 3. ಊಟ, ನಿದ್ದೆ ಸರಿಯಾಗಿದೆ. ಬಲೆ ರಿಪೇರಿಗೂ ಹೋಗುತ್ತಾನೆ. ಆದರೆ ಇದೂ ಅಫೀಮಿನ ಜಾತಿಯ ಮದ್ದೇ ಎಂದು ಯಾರೋ ಹೇಳಿದ ಮೇಲೆ ಆಯಿಗೆ ಸಮಾಧಾನವಿಲ್ಲ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು ಎನ್ನುತ್ತಾರೆ. ಆಗಸ್ಟ್ 1ಕ್ಕೆ ಬೋಟು ಹೊರಡುತ್ತದೆ. ಅಷ್ಟರಲ್ಲಿ ಬಿಡಿಸಬಹುದಾ? ಡಾಕ್ಟರೇ ಹೇಳಿದ್ದು ಎಂದು ಸುಳ್ಳು ಹೇಳಿ ನಾವೇ ಒಂದೊಂದು ಮಾತ್ರೆ ಕಡಿಮೆ ಮಾಡಿದರೆ ಹೇಗೆ?
ಅಂಕೋಲಾದ ಓದುಗರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೇಡ, ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ಕಡಿಮೆಯಾದರೆ ನಿಮ್ಮ ತಮ್ಮನಿಗೆ ಮೈಕೈ ನೋವು, ಮೂಗು ಸೋರುವುದು, ಆಕಳಿಕೆ, ಭೇದಿ, ನಿದ್ದೆ ಇಲ್ಲದಿರುವುದು ಎಲ್ಲಾ ವಾಪಸ್ ಬರಬಹುದು. ಅದಕ್ಕೆ ಎಲ್ಲಿ ಮದ್ದು ಸಿಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಸುಳ್ಳು ಗೊತ್ತಾದ ದಿನ ಡಾಕ್ಟರ ಮೇಲಿನ ನಂಬಿಕೆಯೂ ಹೋಗುತ್ತದೆ.

ಆಯಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಬುಪ್ರೆನಾರ್ಫಿನ್ ಅಫೀಮಿನ ಜಾತಿಯ ಮದ್ದೇ. ದಿಢೀರ್ ನಿಲ್ಲಿಸಿದರೆ ಮೈ ತಕರಾರು ಮಾಡುತ್ತದೆ. ಆದರೆ ಅದರ ಕೆಲಸ ಬೇರೆ. ಮಿದುಳಿನಲ್ಲಿ ಈ ಜಾತಿಯ ಮದ್ದುಗಳು ಹೋಗಿ ಕೂರುವ ಜಾಗಗಳಿವೆ. ಶಿರಸಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಈ ಮಾತ್ರೆ ಹಾಗೆ ಜಾಗ ಹಿಡಿದು ಬಿಗಿಯಾಗಿ ಕೂರುತ್ತದೆ. ಮೈನೋವು ಬರದಷ್ಟು, ಆಸೆ ಕೆರಳದಷ್ಟು ಮಾತ್ರ ಕೆಲಸ ಮಾಡುತ್ತದೆ. ಆಮೇಲೆ ಬ್ರೌನ್ ಶುಗರ್ ಬಂದರೂ ಸೀಟು ಸಿಗುವುದು ಕಷ್ಟ. ಡೋಸ್ ಒಂದು ಮಟ್ಟ ದಾಟಿದ ಮೇಲೆ ಇದರ ಪರಿಣಾಮವೂ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಉಸಿರು ನಿಲ್ಲುವ ಅಪಾಯ ಬ್ರೌನ್ ಶುಗರ್, ಅಂದರೆ ಹೆರಾಯಿನ್‌ಗಿಂತ ತುಂಬಾ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನೂ ಇದೇ ಚಿಕಿತ್ಸೆಯ ಇನ್ನೊಂದು ಮದ್ದಾದ ಮೆಥಡೋನ್ ಅನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಚಟ ಎಂದರೆ ಏನು? ದುಡ್ಡು ಕದಿಯುವುದು, ಸುಳ್ಳು ಹೇಳುವುದು, ಕೆಲಸ ಬಿಟ್ಟು ಅದನ್ನೇ ಹುಡುಕಿಕೊಂಡು ಹೋಗುವುದು, ಅಲ್ವಾ? ನಿಮ್ಮ ಪತ್ರದಲ್ಲಿ ಈಗ ಅದ್ಯಾವುದೂ ಇಲ್ಲ. ಊಟ, ನಿದ್ದೆ, ಬಲೆ ಕೆಲಸ ಇದೆ. ಆಯಿಗೆ ಇದನ್ನೇ ತೋರಿಸಿ.

ನಮ್ಮ ಕಡೆ ಮದ್ಯವರ್ಜನ ಶಿಬಿರ ನೋಡಿದವರಿಗೆ ಒಂದು ಲೆಕ್ಕ ತಲೆಯಲ್ಲಿ ಕೂತಿದೆ: ಕೆಲವು ದಿನ ಒಳಗಿಟ್ಟರೆ ಮುಗಿಯಿತು. ಬ್ರೌನ್ ಶುಗರ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಮೈಯ ಒದ್ದಾಟ ಒಂದು ವಾರ, ಹತ್ತು ದಿನಕ್ಕೆ ತಗ್ಗುತ್ತದೆ, ನಿಜ. ಒಳಗಿನ ಸೆಳೆತ ತಿಂಗಳುಗಟ್ಟಲೆ ಇರುತ್ತದೆ. ಇನ್ನೊಂದು ವಿಷಯವನ್ನು ಮನೆಯವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬಿಟ್ಟ ಮೇಲೆ ಮೈಗೆ ತಡೆದುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಆಗ ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರು ನಿಂತು ಜೀವ ಹೋಗಬಹುದು. ಚಿಕಿತ್ಸೆ ನಿಲ್ಲಿಸಿದ ಮೊದಲ ಕೆಲವು ವಾರಗಳೇ ಹೆಚ್ಚು ಅಪಾಯದ್ದು. ಮಾತ್ರೆಯ ಮೇಲೆ ಇರುವಷ್ಟು ಕಾಲ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ತಮ್ಮ ಎರಡು ಸಲ ಮರಳಿ ಬಿದ್ದರೂ ಉಳಿದಿದ್ದಾರೆ. ಮೂರನೇ ಸಲಕ್ಕೆ ಆ ಅದೃಷ್ಟ ನಂಬಿಕೊಳ್ಳಬೇಡಿ.

ಹಾಗಾಗಿ ಆಗಸ್ಟ್ ಎಂಬ ಗಡುವು ಬೇಡ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಈ ಚಿಕಿತ್ಸೆಗೆ ಒಳ್ಳೆಯ ಸಮಯವೇ, ಮನೆಯಲ್ಲೇ ಇರುತ್ತಾರೆ. ಆದರೆ ಅದು ಕುದುರಿಕೊಳ್ಳುವ ಸಮಯ, ಬಿಡಿಸುವ ಸಮಯವಲ್ಲ. ಕನಿಷ್ಠ ಒಂದು ವರ್ಷ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆಲವರಿಗೆ ಹಲವು ವರ್ಷ ಬೇಕು, ಅದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಮುಂದೆ ಅವರೇ ಬಿಡಬೇಕು ಎಂದಾಗ ಡಾಕ್ಟರು ತಿಂಗಳುಗಟ್ಟಲೆ ಸಮಯ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಇನ್ನು ಬೋಟಿನ ಸಂಗತಿ. ಈ ಮಾತ್ರೆ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದಲ್ಲ, ವ್ಯಸನಮುಕ್ತಿ ಚಿಕಿತ್ಸೆಯ ಕಡೆಯಿಂದಲೇ ಬರಬೇಕು. ನಲೋಕ್ಸೋನ್ (ಅಫೀಮಿನ ಜಾತಿಯ ಮದ್ದಿನ ಪರಿಣಾಮ ತಡೆಯುವ ಮದ್ದು) ಬೆರೆತ ಮಾತ್ರೆಯಾದರೆ, ಸ್ಥಿರವಾಗಿರುವವರಿಗೆ ಕೆಲವು ದಿನದ್ದನ್ನು ಒಟ್ಟಿಗೆ ಕೊಡುವುದುಂಟು. ನಾಲಿಗೆಯ ಕೆಳಗೆ ಇಟ್ಟರೆ ಆ ನಲೋಕ್ಸೋನ್ ಹೆಚ್ಚೇನೂ ಮಾಡುವುದಿಲ್ಲ. ಕರಗಿಸಿ ಚುಚ್ಚಿಕೊಂಡರೆ ಮಾತ್ರ ಒದ್ದಾಟ ತರುತ್ತದೆ. ದುರುಪಯೋಗಕ್ಕೆ ಅದೇ ತಡೆ. ಜುಲೈಯಲ್ಲೇ ಹೋಗಿ ಕೇಳಿ: ಒಂದು ಟ್ರಿಪ್ಪಿಗೆ ಇಷ್ಟು ದಿನ, ಎಷ್ಟು ಮಾತ್ರೆ ಕೊಡುತ್ತೀರಿ ಎಂದು. ಅಷ್ಟು ಕೊಡಲು ಆಗದಿದ್ದರೆ ಈ ಸೀಸನ್ನಿಗೆ ಸಂಜೆ ಮನೆಗೆ ಬರುವ ಸಣ್ಣ ದೋಣಿಯ ಕೆಲಸ ನೋಡುವುದು ವಾಸಿ. ಸಂಪಾದನೆ ಕಡಿಮೆ, ಗೊತ್ತು.

ಮಾತ್ರೆ ಒದ್ದೆಯಾಗದ ಡಬ್ಬಿಯಲ್ಲಿ, ಡಾಕ್ಟರ ಚೀಟಿಯ ಜೊತೆ ಇರಲಿ. ಗೋವಾ ಗಡಿಯಲ್ಲಿ ಯಾರಾದರೂ ಕೇಳಿದರೆ ಆ ಚೀಟಿಯೇ ಉತ್ತರ. ಬೋಟಿನಲ್ಲಿ ಕುಡಿಯುವುದು, ನಿದ್ದೆ ಮಾತ್ರೆ ನುಂಗುವುದು ಖಂಡಿತ ಬೇಡ. ಈ ಮದ್ದಿನ ನಿಜವಾದ ಅಪಾಯ ಇರುವುದು ಆ ಜೋಡಿಯಲ್ಲಿ. ಕರೆದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ದಡದಲ್ಲಾದರೆ 108. ಡೋಸ್ ಬದಲಾದ ಹೊಸದರಲ್ಲಿ ಮಂಪರು ಇದ್ದರೆ ಬಲೆ ಎಳೆಯುವ ಯಂತ್ರದ (ವಿಂಚ್) ಹತ್ತಿರ ನಿಲ್ಲಬಾರದು. ಬೋಟು ನಡೆಸುವ ತಾಂಡೇಲರಿಗೆ ಹೇಳಬೇಕೋ ಬೇಡವೋ ಎಂಬುದು ತಮ್ಮನದೇ ನಿರ್ಧಾರ, ನೀವು ಅವರ ಪರವಾಗಿ ಹೇಳಲು ಹೋಗಬೇಡಿ.

ಮಾತ್ರೆ ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಲಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜಲಿ. ಇಲ್ಲದಿದ್ದರೆ ಹಲ್ಲು ಹಾಳಾಗಬಹುದು. ಮಲಬದ್ಧತೆ ಸಾಮಾನ್ಯ, ಡಾಕ್ಟರಿಗೆ ಹೇಳಿದರೆ ಪರಿಹಾರ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರೆಗೆ ಬೀಗ ಬೇಕೇ ಬೇಕು.

ಆಯಿ ಒಮ್ಮೆ ನೇರವಾಗಿ ಮಾತಾಡಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೂ ಒಳ್ಳೆಯದೆಂದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ, ತಮ್ಮ ಒಪ್ಪಿದರೆ, ಆಯಿಯನ್ನೂ ಕರೆದುಕೊಂಡು ಹೋಗಿ.