ಕಂಡೋರ ಮಕ್ಕಳು, ನಮ್ಮ ಭಾಷಣ

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಪತ್ರದ ಮಡಿಕೆಯಲ್ಲೂ ಜಾಗ ಬಿಡದೆ ಬರೆದಿದ್ದಾರೆ. ಸಾರ ಇಷ್ಟು: ‘2025ರ ಮೇ 10ರಂದು ಪಾಕಿಸ್ತಾನದ ಜೊತೆ ಕದನ ನಿಂತಿತು. ಆಮೇಲೆ ನಮ್ಮೂರ ಸಭೆಯಲ್ಲಿ ಒಬ್ಬ ಮುಖಂಡರು, ನಿಲ್ಲಿಸಬಾರದಿತ್ತು, ಇನ್ನೂ ಆರು ತಿಂಗಳು ಬಾರಿಸಬೇಕಿತ್ತು ಅಂದರು. ಜೋರು ಚಪ್ಪಾಳೆ. ಅವರ ಮಗ ಬೆಂಗಳೂರಲ್ಲಿ ಸೈಟು ವ್ಯಾಪಾರ ಮಾಡಿಕೊಂಡು ಆರಾಮಾಗಿದ್ದಾನೆ. ಮನೆಯಿಂದ ಒಬ್ಬರನ್ನೂ ಸೈನ್ಯಕ್ಕೆ ಕಳಿಸದವರು ಯುದ್ಧದ ಮಾತಾಡಬಾರದು ಅಂತ ಕಾನೂನು ಮಾಡಿದರೆ ಹೇಗೆ?’

ಮೇಷ್ಟ್ರೇ, ಕಾನೂನು ಬೇಡ. ಯುದ್ಧದ ತೀರ್ಮಾನ ನಾವು ಆರಿಸಿದವರ ಕೈಲೇ ಇರಬೇಕು, ಸೇನಾಪತಿಗಳ ಕೈಲಲ್ಲ. ಒಮ್ಮೊಮ್ಮೆ ಯುದ್ಧ ಮಾಡದೆ ವಿಧಿಯಿಲ್ಲ, ಅದೂ ನಿಜ. ಇಲ್ಲಿಗೆ ಆ ಕಡೆಯ ಲೆಕ್ಕ ಚುಕ್ತಾ. ಮಿಕ್ಕಿದ್ದೆಲ್ಲ ನಿಮ್ಮ ಕಡೆಗೇ.

ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡೋದು ಅಂತಾರಲ್ಲ, ಅಮೆರಿಕದ ನಾಯಕರು ವಿಯೆಟ್ನಾಂನಲ್ಲಿ ವರ್ಷಗಟ್ಟಲೆ ಮಾಡಿದ್ದು ಅದನ್ನೇ. 1971ರ ಕೊನೆಯೊಳಗೆ ನಮ್ಮ ಹುಡುಗರನ್ನು ವಾಪಸ್ ಕರೆಸಿ ಎಂದು ಸೆನೆಟರ್ ಜಾರ್ಜ್ ಮೆಕ್‌ಗವರ್ನ್ 1970ರ ಸೆಪ್ಟೆಂಬರ್ 1ರಂದು ಸೆನೆಟ್ಟಿನಲ್ಲಿ ವಾದಿಸಿದರು. ಸತ್ತವರ ಹೊಣೆ ಇಲ್ಲಿ ಕೂತಿರುವ ಒಬ್ಬೊಬ್ಬರ ಮೇಲೂ ಇದೆ, ಈ ಸಭೆ ರಕ್ತ ನಾರುತ್ತಿದೆ ಅಂದರು. ಅಂದವರು ಪುಕ್ಕಲರಲ್ಲ. ಎರಡನೇ ಮಹಾಯುದ್ಧದಲ್ಲಿ 35 ಸಲ ಬಾಂಬರ್ ವಿಮಾನದಲ್ಲಿ ಹೋಗಿ ಬಂದವರು. 55–39 ಮತಗಳಿಂದ ಅವರ ಮಾತು ಬಿದ್ದುಹೋಯಿತು. ಇನ್ನೊಬ್ಬರು ಡಿಕ್ ಚೇನಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಡ್ಡಾಯ ಸೈನ್ಯಸೇವೆಯಿಂದ ಐದು ಸಲ ವಿನಾಯಿತಿ ಪಡೆದರು. ಆಗ ನನಗೆ ಸೈನ್ಯಕ್ಕಿಂತ ಮುಖ್ಯವಾದ ಬೇರೆ ಕೆಲಸಗಳಿದ್ದವು ಎಂದು ಆಮೇಲೆ ಹೇಳಿಕೊಂಡರು. 2003ರಲ್ಲಿ ಇರಾಕಿಗೆ ಸೈನ್ಯ ನುಗ್ಗಿಸಲು ಪಟ್ಟು ಹಿಡಿದ ಉಪಾಧ್ಯಕ್ಷರು ಇವರೇ. ಸತ್ತ ಹುಡುಗರೆಲ್ಲ ಕೆಲಸವಿಲ್ಲದೆ ಸುಮ್ನೆ ಕೂತಿದ್ದವರಾ?

ಉತ್ತರನ ಪೌರುಷ ಒಲೆಯ ಮುಂದೆ ಅಂತ ನಗುತ್ತೇವೆ. ಪಾಪ, ಆ ಹುಡುಗ ರಥ ಹತ್ತಿ ರಣರಂಗ ಕಾಣುವ ತನಕವಾದರೂ ಹೋದ.

ಅಷ್ಟು ದೂರ ಯಾಕೆ, ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣಕ್ಕೇ ಬನ್ನಿ. 1792ರಲ್ಲಿ ಸೋತ ಟಿಪ್ಪು ಅರ್ಧ ರಾಜ್ಯದ ಜೊತೆಗೆ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆ ಕೊಟ್ಟ. 1799ರ ಮೇ 4ರಂದು ಅದೇ ಕೋಟೆಯೊಳಗೆ ಕಾದಾಡುತ್ತ ಸತ್ತ. ಅವನ ಹೆಸರೆತ್ತಿದ್ದಕ್ಕೆ ಜಗಳಕ್ಕೆ ಬರುವವರು ಬರಲಿ, ನಾನು ಹೇಳುತ್ತಿರುವುದು ಯುದ್ಧದ ಬೆಲೆ ಯಾರ ಮನೆಯಿಂದ ಹೋಯಿತು ಅನ್ನೋದನ್ನು ಮಾತ್ರ.

ಈಗಿನವರು ಕೊಡುವುದು ಹಾರ. ಶವ ಬಂದ ದಿನ ಸೈಟು, ಕೆಲಸ, ಊರ ಬಾಗಿಲಿಗೆ ಪ್ರತಿಮೆ ಎಂದು ಘೋಷಿಸುತ್ತಾರೆ. ಆರು ತಿಂಗಳಾದ ಮೇಲೆ ಅದೇ ಹೆಣ್ಣುಮಗಳು ಫೈಲು ಹಿಡಿದು ಕಚೇರಿಯ ಬೆಂಚಿನ ಮೇಲೆ ಕೂತಿರುತ್ತಾಳೆ. ಸಾಹೇಬರು ಮೀಟಿಂಗಲ್ಲಿರುತ್ತಾರೆ. ಟಿವಿಯವರ ಬಗ್ಗೆ ಏನು ಹೇಳಲಿ? ಸ್ಟುಡಿಯೋದಲ್ಲಿ ಸೈರನ್ ಹಾಕಿಕೊಂಡು ಯುದ್ಧ ಗೆದ್ದರು. ನಾವು ಪತ್ರಿಕೆಯವರೂ ಕಮ್ಮಿಯೇನಲ್ಲ, ಮುಖಪುಟಕ್ಕೆ ಫಿರಂಗಿ ಹಾಕಿದರೆ ಪ್ರತಿ ಜಾಸ್ತಿ ಹೋಗುತ್ತದೆ.

ಹಾಂ, ಮೇಷ್ಟ್ರೇ, ಚಪ್ಪಾಳೆ ಬಿತ್ತು ಅಂದಿರಿ. ನೀವೂ ತಟ್ಟಿದಿರಾ? ಅದನ್ನು ಬರೆದಿಲ್ಲ. ಎದ್ದು ನಿಂತು ‘ಸ್ವಾಮಿ, ನಿಮ್ಮ ಮಗ ಎಲ್ಲಿ?’ ಅಂತ ಅಲ್ಲೇ ಕೇಳಿದ್ದರೆ ನನಗೆ ಬರೆಯುವ ಶ್ರಮ ತಪ್ಪುತ್ತಿತ್ತು.

ಅದೇ ಮೇ ತಿಂಗಳ ಮೊದಲ ವಾರ ಪಾಂಡವಪುರದ ಹತ್ತಿರ ಒಂದು ಆಲೆಮನೆಗೆ ಹೋಗಿದ್ದೆ. ಬೆಲ್ಲ ಕಾಯಿಸುತ್ತಿದ್ದವರ ಮಗ ಜಮ್ಮುವಿನಲ್ಲಿದ್ದ. ಪಾಕ ಹದಕ್ಕೆ ಬರುವ ಹೊತ್ತು, ಕೊಪ್ಪರಿಗೆ ಬಿಟ್ಟು ಅತ್ತಿತ್ತ ಕದಲುವ ಹಾಗಿಲ್ಲ. ಜೇಬಲ್ಲಿ ಫೋನು ಬಡಿದುಕೊಂಡಿತು. ಕೈಲಿದ್ದ ಹುಟ್ಟು ಬಿಸಾಕಿ ಹೊರಗೆ ಓಡಿದರು. ಸಿಗ್ನಲ್ಲಿಗಾಗಿ ಕಬ್ಬಿನ ಗಾಡಿ ಹತ್ತಿ ನಿಂತರು. ‘ಊಟ ಆಯ್ತಾ ಮಗ?’ ಅಂದಿದ್ದಷ್ಟೇ ನನಗೆ ಕೇಳಿಸಿತು. ಅಷ್ಟರಲ್ಲಿ ಪಾಕ ತಳ ಹಿಡಿದಿತ್ತು. ಆ ಬೆಲ್ಲವನ್ನು ಮಂಡಿಯಲ್ಲಿ ಯಾರೂ ಕೇಳಲ್ಲ ಅಂದರು, ಆದರೂ ನಗುತ್ತಲೇ ಇದ್ದರು. ನಾನು ಎರಡು ಅಚ್ಚು ಕಟ್ಟಿಸಿಕೊಂಡು ಬಂದೆ. ಕಾಫಿಗೆ ಹಾಕಿದರೆ ಕಮಟು ವಾಸನೆ, ಮನೆಯಲ್ಲಿ ಬೈಸಿಕೊಂಡೆ. ಒಂದು ಅಚ್ಚು ಇನ್ನೂ ನನ್ನ ಮೇಜಿನ ಮೇಲಿದೆ. ನಿಮ್ಮ ಮುಖಂಡರು ಮೈಸೂರಿಗೆ ಬಂದಾಗ ಕರೆದುಕೊಂಡು ಬನ್ನಿ, ಕಾಫಿ ಕೊಡೋಣ.